ಬಾವಿ ನೀರಿನಷ್ಟು ತಣ್ಣಗೆ

ಒಂದು ಒಣಕಲು ಕಡ್ಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ದಿನಕ್ಕೆ ಮೂರು ಸಲ ಅದರ ಬುಡ ಬೆಚ್ಚಗಾಯಿತೇ ಎಂದು ನೋಡಿದವನು ನಾನು. ಬೇರೆ ಯಾರಾದರೂ ಹಾಗೆ ಕೂತಿದ್ದರೆ ನಮ್ಮೂರು ಶಿರಂಗಾಲದ ಅರ್ಧ ಜನಕ್ಕೆ ಅವರ ಅಣಕ ಮಾಡಿ ತೋರಿಸುತ್ತಿದ್ದವನೂ ನಾನೇ.

ಹಾಸನದ ಕಡೆಯಿಂದ ನಮ್ಮವರು ಇಲ್ಲಿಗೆ ಬಂದಾಗ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಮಡಿಲಲ್ಲಿಟ್ಟು ತಂದು ನೆಟ್ಟ ಅಂಜೂರದ ಮರ ಈ ಬೇಸಿಗೆಯ ಮೊದಲ ಗಾಳಿಗೆ ಬುಡಸಮೇತ ಉರುಳಿತು. ಊರಿಗೆಲ್ಲ ಇದ್ದದ್ದು ಅದೊಂದೇ. ಅದರ ಕೊಂಬೆಗಳಿಂದ ಕತ್ತರಿಸಿ ಉಳಿಸಿಕೊಂಡದ್ದು ಆರು ಕಡ್ಡಿ. ಬೇರು ಬಿಟ್ಟರೆ ಗಿಡ, ಇಲ್ಲದಿದ್ದರೆ ಒಲೆಗೆ. ಹೊರಗೆ ನೆಟ್ಟರೆ ಬಿಸಿಲು ಬಿಡುವುದಿಲ್ಲ, ಮನೆಯೊಳಗೇ ಬೇರು ಬರಿಸಬೇಕು. ಅತ್ತೆ ನನ್ನನ್ನು ನಂಬಿ ಮೂರು ಕೊಟ್ಟರು.

ಭತ್ತದ ಮನೆಯಲ್ಲಿ ಹುಟ್ಟಿದವನ ಬುದ್ಧಿ ಎಲ್ಲಿಗೆ ಹೋದೀತು? ಬಿತ್ತನೆ ಭತ್ತವನ್ನು ನೆನೆಸಿ, ಹುಲ್ಲು ಸುತ್ತಿ, ಕಲ್ಲು ಹೇರಿದರೆ ಒಳಗಿನ ಕಾವಿಗೆ ಮೊಳಕೆ ಒಡೆಯುತ್ತದೆ. ಕಡ್ಡಿಗೂ ಅದೇ ಉಪಚಾರ ಮಾಡಿ, ಇನ್ನಷ್ಟು ಬೆಚ್ಚಗಿರಲಿ ಎಂದು ಹೆಂಚಿನ ಕೆಳಗಿನ ಅಟ್ಟಕ್ಕೇರಿಸಿದೆ. ಐದನೇ ದಿನ ಬಿಚ್ಚಿದರೆ ಹುಳಿ ವಾಸನೆ. ಹಿಡಿದರೆ ತೊಗಟೆ ಮಾತ್ರ ಕೈಗೆ ಬಂತು.

"ಇದು ಭತ್ತ ಅಲ್ಲ ಕಣ್ಲಾ. ಕಾವು ಹತ್ತಿದ್ರೆ ಬೇರು ಬರೋಕೆ ಮುಂಚೆ ಕೊಳೀತದೆ," ಎಂದರು ಅತ್ತೆ. ಚೆನ್ನಾಗಿ ಬೈದಿದ್ದರೆ ಆ ಬೈಗುಳವನ್ನಾದರೂ ಅಣಕಿಸಬಹುದಿತ್ತು.

ಅಂಜೂರದ ದಾಯಾದಿಗಳು ಯಾರು ಗೊತ್ತೇ? ಆಲ, ಅರಳಿ, ಅತ್ತಿ. ಆಲವೋ, ಯಾರೂ ಕರೆಯದಿದ್ದರೂ ಗೋಡೆಯ ಬಿರುಕಿನಲ್ಲಿ ಬಿಡಾರ ಹೂಡುತ್ತದೆ. ಅದೇ ಕುಲದ ಅಂಜೂರ ಮಾತ್ರ ಹಬ್ಬಕ್ಕೆ ಬಂದ ಹೊಸ ಅಳಿಯ: ಸೆಕೆಯಾಗಬಾರದು, ಥಂಡಿ ಹಿಡಿಯಬಾರದು, ಯಾರೂ ಮುಟ್ಟಿ ಮಾತಾಡಿಸಬಾರದು.

ಆ ಅಳಿಯನನ್ನು ಅತ್ತೆ ಸುಧಾರಿಸಿದ್ದನ್ನು ನೋಡಬೇಕಿತ್ತು ನೀವು. ನಡುಮನೆಯ ಮೂಲೆ, ಕುಡಿಯುವ ನೀರಿನ ಮಡಕೆಗಳ ಪಕ್ಕ, ನೆಲದ ಮೇಲೆ ಮರಳಿನ ಕುಂಡ, ಸುತ್ತ ಒದ್ದೆ ಗೋಣಿ. ಆಗ ತಾನೇ ಸೇದಿದ ಬಾವಿ ನೀರಿನಲ್ಲಿ ಒಂದು ಕೈಯ ಬೆರಳು, ಮರಳಿನಲ್ಲಿ ಇನ್ನೊಂದರದು. ಕಣ್ಣು ಮುಚ್ಚಿ, ತುಟಿ ಒತ್ತಿ, "ಹ್ಞೂಂ." ಎರಡೂ ಒಂದೇ ಅನ್ನಿಸಬೇಕು. ಮರಳು ಬೆಚ್ಚಗಿದ್ದರೆ ಗೋಣಿಗೆ ನೀರು, ಮರಳಿಗಲ್ಲ. ಅಷ್ಟು ಗಾಂಭೀರ್ಯ ನಾನು ಯಾವ ಡಾಕ್ಟರ ಮುಖದಲ್ಲೂ ಕಂಡಿಲ್ಲ. ಆ "ಹ್ಞೂಂ" ಅನ್ನು ಜಗಲಿಯಲ್ಲಿ ಆಡಿ ತೋರಿಸಿದೆ. ಜನ ಇನ್ನೊಮ್ಮೆ, ಇನ್ನೊಮ್ಮೆ ಅಂದರು.

ಅಷ್ಟರಲ್ಲಿ ಅತ್ತೆಯ ಮಗಳ ಬಾಣಂತನ ಬಂತು. ಅತ್ತೆ ಗಡಿಯ ಹೊಳೆ ದಾಟಿ ಮೈಸೂರು ರಾಜ್ಯಕ್ಕೆ ಹೊರಟು ನಿಂತು, "ಮೂರನ್ನೂ ನೀನೇ ನೋಡ್ಕೊ. ನನ್ನ ಆಡ್ಕೊಂಡು ನಗ್ತೀಯಲ್ಲ, ಹಂಗೇ ಮಾಡು, ಸಾಕು," ಎಂದರು.

ಹಾಗೇ ಮಾಡಿದೆ. ನಗುವವರಿಲ್ಲದ ನಡುಮನೆಯಲ್ಲಿ ಕಣ್ಣು ಮುಚ್ಚಿ, ತುಟಿ ಒತ್ತಿ ಕೂತೆ. ನಾಲ್ಕು ದಿನ ಏನೂ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಕಣ್ಣು ಬಿಟ್ಟುಕೊಂಡರೆ ಬೆರಳಿಗೆ ಬುದ್ಧಿ ಬರುವುದಿಲ್ಲ. ನಾನು ತಮಾಷೆಯೆಂದು ಕದ್ದದ್ದೆಲ್ಲ ಅತ್ತೆಯ ಕಸುಬೇ ಆಗಿತ್ತು.

ತಿಂಗಳ ಮೇಲೆ ಅತ್ತೆ ಬಂದರು. ಒಂದು ಕಡ್ಡಿ ಸತ್ತಿತ್ತು. ಬೇರು ಬಂತೇ ಎಂದು ನಾನು ಅದನ್ನು ಎರಡು ಸಲ ಕಿತ್ತು ನೋಡಿದ್ದೆ, ಹೇಳಲಿಲ್ಲ. ಉಳಿದೆರಡರ ತುದಿಯಲ್ಲಿ ಹೆಬ್ಬೆಟ್ಟಿನಗಲ ಎಲೆ. ಅತ್ತೆ ಮೆಲ್ಲಗೆ ಎಳೆದರು, ಮರಳು ಬಿಡಲಿಲ್ಲ. ಬೇರು ಹಿಡಿದಿತ್ತು.

"ಹ್ಞೂಂ," ಎಂದು ಎದ್ದು ಜಗಲಿಗೆ ಬಂದರು. ಅಲ್ಲಿ ಎಲ್ಲರೆದುರು, ಜನ್ಮದಲ್ಲಿ ಯಾರನ್ನೂ ಅಣಕಿಸದ ನಮ್ಮತ್ತೆ, ಕಳ್ಳನ ಹಾಗೆ ಆಚೀಚೆ ನೋಡಿ, ಇಲ್ಲದ ಕಡ್ಡಿಯೊಂದನ್ನು ಸರಕ್ಕನೆ ಕಿತ್ತು, ಬುಡ ಮೂಸಿ, ಮತ್ತೆ ಚುಚ್ಚಿ, ಏನೂ ಅರಿಯದ ಮುಖ ಮಾಡಿ ಕೂತರು. ಜಗಲಿ ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ಶಿಷ್ಯನ ಹಾಗೆ ಕಣ್ಣು ಕೀಳದೆ ನೋಡುತ್ತಿದ್ದೆ. ಆ ಏನೂ ಅರಿಯದ ಮುಖ ಅಷ್ಟು ಚೆನ್ನಾಗಿ ನನಗೇ ಬಂದಿರಲಿಲ್ಲ.