ಕಾದ ಕಂಬಿಯ ತೂತು

ನಮ್ಮ ಚಿಕ್ಕಮ್ಮ ಇಪ್ಪತ್ತು ವರ್ಷ ಚರ್ಮದ ಜಾಕೆಟ್ ಹೊಲಿದವಳು. ಹಳೆಯ ಯುದ್ಧಗಳಲ್ಲಿ ವಿಮಾನ ಹಾರಿಸುವವರು ತೊಡುತ್ತಿದ್ದ ಜಾಕೆಟ್ಟಿನ ನಕಲುಗಳವು. ನಕಲೆಂದು ಹೇಳಿಯೇ ಮಾರುತ್ತಿದ್ದ ಕಾಲದಲ್ಲಿ ಅವಳಿಗೆ ಆ ಕೆಲಸದ ಮೇಲೆ ಪ್ರೀತಿಯಿತ್ತು; ಕಾಲರಿನ ಒಂದೊಂದು ಹೊಲಿಗೆಯನ್ನೂ ಹಳೆಯ ಫೋಟೋ ನೋಡಿ ಹಾಕುತ್ತಿದ್ದಳು.

ಆಮೇಲೆ ಮಾಲೀಕರು ಅಂಗಡಿಯ ಮುಂದೆ ‘ಯುದ್ಧ ಕಂಡ ಅಸಲಿ ಜಾಕೆಟ್’ ಎಂದು ಬೋರ್ಡು ಬರೆಸಿದರು. ಚಿಕ್ಕಮ್ಮ ಮೊಣಕೈ ಜಾಗಕ್ಕೆ ಸ್ಯಾಂಡ್‌ಪೇಪರ್ ಉಜ್ಜಬೇಕು, ಒಳಗಿನ ಬಟ್ಟೆಯನ್ನು ಚಹಾದಲ್ಲಿ ಅದ್ದಬೇಕು, ಎದೆಯ ಬಳಿ ಕಾದ ಕಂಬಿಯಿಂದ ಗುಂಡು ಹೊಕ್ಕಂತೆ ತೂತು ಮಾಡಬೇಕು. ಸುಟ್ಟ ಚರ್ಮದ ವಾಸನೆ ಕೂದಲಲ್ಲಿ ಕೂತು, ಅವಳಿಗೆ ಊಟ ಸೇರುತ್ತಿರಲಿಲ್ಲ.

“ಯಾಕಣ್ಣ ಈ ಹೊಲಸು ಕೆಲಸ?” ಎಂದು ಮಾಲೀಕರನ್ನು ಕೇಳಿದಳು.

“ನೀನು ಬರೀ ತೂತು ಮಾಡಮ್ಮ, ಕತೆ ನಾನು ಹೇಳ್ಕೋತೀನಿ. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ.”

ಒಂದು ಮಧ್ಯಾಹ್ನ ವಯಸ್ಸಾದ ಗಿರಾಕಿಯೊಬ್ಬರು ಒಂದು ಜಾಕೆಟ್ಟಿನ ತೂತಿನೊಳಗೆ ಬೆರಳಿಟ್ಟು ನೋಡಿದರು. ಅವರ ಅಣ್ಣ ವಿಮಾನದ ಜೊತೆಗೇ ಉರಿದುಹೋಗಿದ್ದರಂತೆ. ಮನೆಗೆ ಒಂದು ಚೂರು ಬಟ್ಟೆಯೂ ಬರಲಿಲ್ಲವಂತೆ.

“ಇದನ್ನ ತೊಟ್ಟಿದ್ದ ಹುಡುಗ ಬದುಕಿದ್ನಾ?” ಎಂದು ಕೇಳಿದರು.

“ಎಲ್ಲಿ ಬದುಕ್ತಾನೆ ಯಜಮಾನ್ರೇ, ಗುಂಡು ಎದೆಗೇ ಹೊಕ್ಕಿತ್ತು,” ಎಂದು ಮಾಲೀಕರು ಕಣ್ಣೊರೆಸಿಕೊಂಡರು.

ಚಿಕ್ಕಮ್ಮ ಮಿಷನ್ ನಿಲ್ಲಿಸಿ ಎದ್ದು ಬಂದಳು.

“ಇದನ್ನ ಯಾರೂ ತೊಟ್ಟಿಲ್ಲ ತಾತ. ಮೊನ್ನೆ ನಾನೇ ಹೊಲಿದಿದ್ದು. ತೂತು ಮಾಡಿದ್ದೂ ನಾನೇ.”

ಅವರು ಬೆರಳನ್ನು ಹಿಂದಕ್ಕೆಳೆದು ಕರವಸ್ತ್ರದಿಂದ ಒರೆಸಿಕೊಂಡರು. ಮಾಲೀಕರ ಕಡೆ ತಿರುಗದೆ ಅವಳನ್ನೇ ಹೇಸಿಗೆಯಿಂದ ನೋಡಿದರು. ಆ ನೋಟ ತನಗೆ ಸಲ್ಲಬೇಕಾದದ್ದೇ ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾಳೆ. ಆ ದಿನ ತನ್ನ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಬಂದವಳು ಮತ್ತೆ ಆ ಅಂಗಡಿಗೆ ಹೋಗಲಿಲ್ಲ.