ಆಫ್ ಆಗದ ರೇಡಿಯೋ

ಮೊನ್ನೆ ಸಿಂಗಪುರದ ಬೆಡೋಕ್‌ನ ಅಂಗಡಿಯೊಂದರಲ್ಲಿ ಒಂದು ಟೋಸ್ಟರು ನನ್ನನ್ನು ತಡೆದು ನಿಲ್ಲಿಸಿತು. ನಾನು ಹೋಗಿದ್ದು ಮಿಕ್ಸಿ ಜಾರಿನ ವಾಷರ್ ಹುಡುಕಿಕೊಂಡು. ಟೋಸ್ಟರಿನ ಆಸೆ ನನ್ನ ವಂಶದಲ್ಲೇ ಯಾರಿಗೂ ಇರಲಿಲ್ಲ. ಆದರೆ ಕೆನೆಬಣ್ಣದ ಆ ಡಬ್ಬಿಯ ಹೊಟ್ಟೆಯ ಮೇಲೆ ಓರೆ ಅಕ್ಷರಗಳಲ್ಲಿ ‘ಟಿಬಲ್‌ಟನ್ ಅಂಡ್ ಸನ್ಸ್’ ಎಂದು ಬರೆದಿತ್ತು. ನಿಮ್ಮ ಹಳೆಯ ಹೆಡ್‌ಮಾಸ್ಟರನ್ನು ಮದುವೆಮನೆಯ ಬ್ಯಾಂಡ್‌ಸೆಟ್ಟಿನವರ ಕೆಂಪು ಕೋಟಿನಲ್ಲಿ ಕಂಡರೆ ನಿಮಗೆ ಏನಾಗಬಹುದೋ ನನಗೂ ಅದೇ ಆಯಿತು.

ಅಂಗಡಿಯ ಹುಡುಗಿ ನನ್ನ ಮುಖದ ಮೇಲಿದ್ದದ್ದನ್ನು ಕೊಳ್ಳುವ ಉತ್ಸಾಹವೆಂದು ತಿಳಿದಳು. “ವೆರಿ ಗುಡ್ ಬ್ರ್ಯಾಂಡ್, ಆಂಟಿ. ಇಂಗ್ಲೆಂಡ್‌ದು. ಓಲ್ಡ್ ಟೋಸ್ಟರ್ ಫ್ಯಾಮಿಲಿ ಲಾ,” ಎಂದಳು. ಇಲ್ಲಿನವರ ಮಾತಿನ ಬಾಲಕ್ಕೆ ಒಂದು ‘ಲಾ’ ಅಂಟಿಕೊಂಡೇ ಇರುತ್ತದೆ.

ಟೋಸ್ಟರ್ ಫ್ಯಾಮಿಲಿ! ಸ್ವಾಮಿ, ಆ ಮನೆತನದವರು ಬ್ರೆಡ್ಡು ಸುಟ್ಟಿದ್ದರೆ ಅದು ಒಲೆಯ ಮೇಲಿಟ್ಟು ಮರೆತು. ಅವರು ರೇಡಿಯೋದವರು. ನಾನು ಅವರ ಅನ್ನ ಉಂಡವಳು. ಬನ್ನಿ, ಹೊರಗೆ ಬೆಂಚಿದೆ, ಕೂತು ಹೇಳುತ್ತೇನೆ. ವಾಷರ್ ಎಲ್ಲಿಗೂ ಓಡಿಹೋಗುವುದಿಲ್ಲ.

ಅದು ಈ ಶತಮಾನದ ಮೊದಲ ದಶಕ. ಸಿಂಗಪುರ ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತಿದ್ದ ಕಾಲ. ನನ್ನ ಗಂಡ ರಘುವಿಗೆ ತಂಜಾಂಗ್ ಪಗಾರಿನ ಬ್ಯಾಂಕಿನಲ್ಲಿ ಕೆಲಸ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಂದಿದ್ದ ನನಗೆ ಮನೆಯಲ್ಲಿ ಕೂತು ಬೇಜಾರು. ಕಾಂಡೋ ಎಂಬ ದುಬಾರಿ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸಂಡಿಗೆ ಒಣಹಾಕಿ, ‘ದಯವಿಟ್ಟು ಪಾರಿವಾಳಗಳಿಗೆ ಆಹಾರ ಹಾಕಬೇಡಿ’ ಎಂಬ ನೋಟಿಸ್ ತರಿಸಿಕೊಂಡ ಮೇಲೆ ರಘು ಕೈಮುಗಿದ. “ಏನಾದ್ರೂ ಒಂದು ಜಾಬ್ ಟ್ರೈ ಮಾಡೇ, ಪ್ಲೀಸ್. ನೀನು ಹಪ್ಪಳ ಸ್ಟಾರ್ಟ್ ಮಾಡಿದ್ರೆ ನಮ್ಮನ್ನ ಡಿಪೋರ್ಟೇ ಮಾಡ್ತಾರೆ.”

ಹೀಗೆ ನಾನು ವರ್ಕ್‌ಶಾಪುಗಳೇ ತುಂಬಿದ ಉಬಿ ಬಡಾವಣೆಗೆ ಹೋದೆ. ಕಾರು ರಿಪೇರಿಯ ಗ್ಯಾರೇಜೊಂದರ ಮೇಲಿನ ಮಹಡಿಯಲ್ಲಿ ಟಿಬಲ್‌ಟನ್ ಕಂಪನಿಯ ಏಷ್ಯಾದ ಪ್ರಧಾನ ಕಚೇರಿಯಿತ್ತು. ಏಷ್ಯಾ ಎಂದರೆ ಕೆಲವು ಮೇಜು, ಒಂದು ಫ್ರಿಜ್ಜು ಮತ್ತು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಮಿಸೆಸ್ ಲಿಮ್. ಒಳಗೆ ರೂಪರ್ಟ್ ಟಿಬಲ್‌ಟನ್ ಕೂತಿದ್ದರು. ಕಂಪನಿ ಕಟ್ಟಿದವರ ಮರಿಮಗ. ಉಬಿಯ ಸೆಕೆಯಲ್ಲೂ ಉಣ್ಣೆಯ ಕೋಟು ಬಿಡದೆ ಬೆಂದ ಗೆಣಸಿನ ಬಣ್ಣಕ್ಕೆ ತಿರುಗಿದ್ದ ಮನುಷ್ಯ. ನನ್ನ ಮುಂದೆ ಒಂದು ರೇಡಿಯೋ ಇಟ್ಟು, “ಸ್ಟೇಷನ್ ಹಿಡಿಯಿರಿ ನೋಡೋಣ,” ಎಂದರು. ನಾನು ಭಯಭಕ್ತಿಯಿಂದ ನಾಬ್ ತಿರುಗಿಸಿದೆ. ನಾಬ್ ಕಳಚಿ ನನ್ನ ಕೈಗೆ ಬಂತು. ಏನು ಮಾಡುವುದು? ಅಂಗೈಯಲ್ಲೇ ಮುಚ್ಚಿಟ್ಟುಕೊಂಡು ಉಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಿದೆ. ಕೊನೆಗೆ ಅವರು ಕೈ ಕುಲುಕಲು ಕೈ ಚಾಚಿದಾಗ ನಾಬ್ ನನ್ನ ಕೈಯಿಂದ ಅವರ ಕೈಗೆ ಹೋಯಿತು. ರೂಪರ್ಟ್ ಅದನ್ನು ನೋಡಿ, “ನನ್ನ ಅಜ್ಜನ ಕೈಯಲ್ಲೂ ಹೀಗೇ ಬಂದಿತ್ತು. ಸೋಮವಾರದಿಂದ ಬನ್ನಿ,” ಎಂದರು.

ಆ ಕಚೇರಿಯಲ್ಲಿ ಕೆಲಸಕ್ಕಿಂತ ಪುರಾಣ ಹೆಚ್ಚು. ರೂಪರ್ಟ್ ಅವರ ಮುತ್ತಜ್ಜ ಇಂಗ್ಲೆಂಡಿನ ಯಾವುದೋ ಪುಟ್ಟ ಊರಿನಲ್ಲಿ ಜೇನುಪೆಟ್ಟಿಗೆ ಮಾಡುತ್ತಿದ್ದ ಬಡಗಿ. ರೇಡಿಯೋ ಎಂಬ ಹೊಸ ಹುಚ್ಚು ಬಂದಾಗ ಮೊದಲನೆಯದನ್ನು ಜೇನುಪೆಟ್ಟಿಗೆಯೊಳಗೇ ಕೂರಿಸಿದ. ಗುಂಯ್ ಎಂಬ ಸದ್ದು ಬರುತ್ತಿದೆ ಎಂದು ಕೊಂಡವರು ದೂರಿದರೆ, ಅದು ರೇಡಿಯೋದ್ದೋ ಹಳೆಯ ಬಾಡಿಗೆದಾರರದ್ದೋ ಅವನಿಗೂ ತಿಳಿಯುತ್ತಿರಲಿಲ್ಲವಂತೆ. ಆದರೂ ಜನ ಕೊಂಡರು. ಮಕ್ಕಳು ಕಾರ್ಖಾನೆ ಕಟ್ಟಿದರು, ಮೊಮ್ಮಕ್ಕಳು ಅದಕ್ಕೆ ಚಿಮಣಿ ಇಟ್ಟರು. ರೇಡಿಯೋಗೆ ಚಿಮಣಿ ಏಕೆ ಎಂದು ನಾನು ಕೇಳಿದಾಗ ರೂಪರ್ಟ್, “ಕಾರ್ಖಾನೆ ಅನ್ನಿಸಬೇಕಲ್ಲ,” ಎಂದರು. ಮಲಯದ ರಬ್ಬರ್ ತೋಟಗಳ ಬಂಗಲೆಗಳಿಗೂ ಅವರ ರೇಡಿಯೋ ಹಡಗಿನಲ್ಲಿ ಬರುತ್ತಿತ್ತು. ಆಮೇಲೆ ಜಪಾನಿನ ಟ್ರಾನ್ಸಿಸ್ಟರ್ ಬಂತು. ‘ಬ್ಯಾಟರಿ ಹಾಕುವ ಶೋಕಿ ಬೇಗ ಮುಗಿಯುತ್ತೆ, ಕಾಯೋಣ’ ಎಂದು ರೂಪರ್ಟ್ ಅವರ ಅಪ್ಪ ತೀರ್ಮಾನಿಸಿದರು. ಕಾಯುತ್ತಲೇ ತೀರಿಕೊಂಡರು.

ಇಷ್ಟಾದ ಮೇಲೆ ಕಂಪನಿ ಮುಚ್ಚಿರಬೇಕಲ್ಲವೇ? ಇಲ್ಲ. ಹಳತೆಲ್ಲ ಮತ್ತೆ ಫ್ಯಾಷನ್ ಆಯಿತು. ಹೊಸ ಕಾಂಡೋ ಕೊಂಡವರೆಲ್ಲ ಅಡುಗೆಮನೆಗೆ ಅಜ್ಜಿಯ ಕಾಲದ ರೇಡಿಯೋ ಬೇಕೆಂದರು. ಅವರ ಸ್ವಂತ ಅಜ್ಜಿಯರ ಮನೆಯಲ್ಲಿ ಇರಲಿಲ್ಲ ಎಂಬುದು ಬೇರೆ ಮಾತು. ರೂಪರ್ಟ್ ಅದಕ್ಕೇ ಸಿಂಗಪುರಕ್ಕೆ ಓಡಿ ಬಂದಿದ್ದರು. ಅದೇ ಜೇನುಪೆಟ್ಟಿಗೆಯ ಆಕಾರ, ಹೊಸ ಹೊಸ ಬಣ್ಣ. ಒಂದು ಹಳದಿ ಮಾಡೆಲ್‌ಗೆ ಇಂಗ್ಲೆಂಡಿನಿಂದ ಯಾವುದೋ ಹುಲ್ಲುಗಾವಲಿನ ಹೂವಿನ ಹೆಸರು ಬಂತು. ಮಿಸೆಸ್ ಲಿಮ್ ಕನ್ನಡಕ ಏರಿಸಿ ನೋಡಿ, “ವಾಟ್ ಫ್ಲವರ್? ದಿಸ್ ಒನ್ ಡುರಿಯನ್ ಲಾ!” ಎಂದರು. ನಮ್ಮ ಹಲಸಿಗೆ ದೂರದ ಸಂಬಂಧಿಯಂತಿರುವ, ಬಸ್ಸು-ರೈಲಿಗೆ ಹತ್ತಿಸಲು ಬಿಡದಷ್ಟು ನಾರುವ ಆ ಹಣ್ಣಿನ ಹೆಸರಿಟ್ಟ ಮೇಲೆ ಹಳದಿ ರೇಡಿಯೋ ತಂದಿಟ್ಟಲ್ಲಿ ಉಳಿಯಲಿಲ್ಲ. ಕೊಳ್ಳುವವರು ಮೊದಲು ಮೂಗಿಗೆ ಹಿಡಿದು ನೋಡುತ್ತಿದ್ದರು, ಆಮೇಲೆ ಕಿವಿಗೆ.

ಈ ಸುಖದ ನಡುವೆ ಇಂಗ್ಲೆಂಡಿನಿಂದ ಡಾಫ್ನಿ ಬಂದರು. ರೂಪರ್ಟ್ ಅವರ ತಂಗಿ, ಕಂಪನಿಯ ಅರ್ಧ ಒಡತಿ. ಗಿಡ್ಡ ಕೂದಲು, ಉದ್ದ ಹೆಜ್ಜೆ. ಅಣ್ಣ-ತಂಗಿಗೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಕೇಳಿದರೆ ನಗುತ್ತೀರಿ: ರೇಡಿಯೋಗೆ ನಾಬ್ ಇರಬೇಕೋ ಬಟನ್ ಇರಬೇಕೋ ಎಂಬುದು. ರೂಪರ್ಟ್ ನಾಬ್‌ನ ಪಕ್ಷ. ಡಾಫ್ನಿ ಬಟನ್‌ನ ಪಕ್ಷ; ಮುಟ್ಟಿದರೆ ಸಾಕೆನ್ನುವ ಫೋನುಗಳು ಬರುತ್ತಿರುವಾಗ ತಿರುಗಿಸುತ್ತ ಕೂರುವವರು ಯಾರು ಎಂಬುದು ಅವರ ವಾದ.

ಹೊಸ ಮಾಡೆಲ್ ತೀರ್ಮಾನಿಸುವ ಮೀಟಿಂಗಿನ ಮೊದಲ ದಿನ ಇಬ್ಬರೂ ಒಂದೇ ಮೇಜಿನ ಎರಡು ತುದಿಗೆ ಕೂತರು. ನಡುವೆ ನಾನು. ರೂಪರ್ಟ್ ನನ್ನತ್ತ ತಿರುಗಿ, “ದಯವಿಟ್ಟು ನನ್ನ ತಂಗಿಗೆ ಹೇಳಿ, ಅವಳ ಕಿವಿಗಿಂತ ಎಲೆಕೋಸು ವಾಸಿ,” ಎಂದರು.

ನನಗೆ ಗಾಬರಿಯಾಗಲಿಲ್ಲ. ನಾನು ಒಟ್ಟುಕುಟುಂಬದಲ್ಲಿ ಬೆಳೆದವಳು. ಮಾತು ಬಿಟ್ಟ ಇಬ್ಬರ ನಡುವೆ ‘ಅವರಿಗೆ ಊಟಕ್ಕೆ ಏಳಕ್ಕೆ ಹೇಳು’, ‘ಹಸಿವಿಲ್ಲ ಅಂತ ಹೇಳು’ ಎಂದು ಓಡಾಡುವ ವಿದ್ಯೆಯನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ನಾನು ಡಾಫ್ನಿಯ ಕಡೆ ತಿರುಗಿ, “ನಿಮ್ಮ ಕಿವಿಯ ಬಗ್ಗೆ ಮಿಸ್ಟರ್ ಟಿಬಲ್‌ಟನ್ ಅವರಿಗೆ ಬಹಳ ಗೌರವವಿದೆಯಂತೆ,” ಎಂದೆ.

ಡಾಫ್ನಿ ಪೆನ್ನಿನ ಮುಚ್ಚಳ ಹಾಕಿದರು. “ಥ್ಯಾಂಕ್ಸ್ ಹೇಳಿ. ಆದರೆ ಅವನ ತಲೆಯನ್ನೇ ನಾಬ್ ಮಾಡಿ ತಿರುಗಿಸಬೇಕು ಅನ್ನಿಸ್ತಿದೆ ಅಂತಲೂ ಹೇಳಿ.”

“ನಿಮ್ಮ ನಾಬ್ ವಿಚಾರದಲ್ಲಿ ಆಳವಾಗಿ ಯೋಚಿಸ್ತಿದ್ದಾರಂತೆ,” ಎಂದೆ.

ರೂಪರ್ಟ್ ಮೆಚ್ಚಿಗೆಯಿಂದ ತಲೆದೂಗಿದರು.

ಇಲ್ಲಿ ನೀವು ಒಂದು ಮಾತು ಕೇಳಬಹುದು: ಒಂದೇ ಕೋಣೆ, ಒಂದೇ ಭಾಷೆ, ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತಲ್ಲವೇ? ಕೇಳಿಸುತ್ತಿತ್ತು, ಚೆನ್ನಾಗಿಯೇ. ಆದರೆ ಕಿವಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ, ನಾನು ತಲುಪಿಸಿದ್ದೇ ಲೆಕ್ಕ ಎಂದು ಇಬ್ಬರೂ ಮಾತಾಡಿಕೊಳ್ಳದೆಯೇ ಒಪ್ಪಿಬಿಟ್ಟಿದ್ದರು. ನನ್ನ ಇಂಗ್ಲಿಷಿನಿಂದ ಇಂಗ್ಲಿಷಿಗೆ ಭಾಷಾಂತರ ಹೀಗೆ ಜೋರಾಗಿ ನಡೆಯಿತು. ಮನೆಗೆ ಬಂದು ಹೇಳಿದರೆ ರಘು ನಂಬಲಿಲ್ಲ. “ಇದಕ್ಕೆ ನಿಂಗೆ ಸ್ಯಾಲರಿ ಕೊಡ್ತಾರಾ? ನಮ್ಮಮ್ಮ ಇದನ್ನ ಫ್ರೀಯಾಗಿ ಮಾಡ್ತಿದ್ರಲ್ಲೇ!”

ಒಂದು ಸಂಜೆ ಡಾಫ್ನಿ ಫ್ರಿಜ್ಜಿನ ಹತ್ತಿರ ನಿಂತು ನೀರು ಕುಡಿಯುತ್ತ, ಯಾರಿಗೂ ತಲುಪಿಸಬೇಕಿಲ್ಲದ ದನಿಯಲ್ಲಿ ಹೇಳಿದರು. “ಚಿಕ್ಕವಳಿದ್ದಾಗ ಗೇಟಿನ ಮೇಲಿನ ಬೋರ್ಡು ಓದ್ತಿದ್ದೆ. ‘ಅಂಡ್ ಸನ್ಸ್.’ ನಾನೆಲ್ಲಿ ಅಂತ ಕೇಳಿದ್ದಕ್ಕೆ ಅಪ್ಪ ನಕ್ಕರು. ರೂಪರ್ಟ್ ಕೂಡ ನಕ್ಕ.” ಲೋಟ ತೊಳೆದು ಬೋರಲು ಹಾಕಿ ಹೊರಟುಹೋದರು. ಜಗಳ ನಾಬಿನದ್ದಲ್ಲ ಎಂದು ನನಗೆ ಆಗ ಹೊಳೆಯಿತು. ಅಷ್ಟು ಬೇಗ ಹೊಳೆಯಬೇಕಾದದ್ದು ಅಷ್ಟು ತಡವಾಗಿ ಹೊಳೆದದ್ದಕ್ಕೆ ನನ್ನ ಎಂಜಿನಿಯರಿಂಗ್ ಪದವಿಯೇ ಕಾರಣವಿರಬೇಕು.

ನನ್ನ ರಾಯಭಾರದಿಂದ ಕೊನೆಗೂ ಒಂದು ರಾಜಿಯಾಯಿತು. ಆ ರಾಜಿಯೇ ಕಂಪನಿಯನ್ನು ನುಂಗಿತು. ಹೊಸ ರೇಡಿಯೋದಲ್ಲಿ ನಾಬೂ ಇರುತ್ತದೆ, ಅದು ಬಟನ್ನೂ ಆಗಿರುತ್ತದೆ. ತಿರುಗಿಸಿದರೆ ದನಿ ಹೆಚ್ಚುಕಡಿಮೆ, ಪೂರ್ತಿ ಮಾತ್ರ ಅಡಗದು; ಒತ್ತಿದರೆ ಸ್ಟೇಷನ್ ಬದಲು. ಎರಡು ಪಕ್ಷದವರೂ ತಮ್ಮ ತಮ್ಮ ಪಾಲು ಪಡೆದು ತೃಪ್ತರಾದರು. ಆ ಸಂಭ್ರಮದಲ್ಲಿ ಆಫ್ ಮಾಡುವುದಕ್ಕೆ ಜಾಗ ಬಿಡುವುದನ್ನು ಎಲ್ಲರೂ ಮರೆತೆವು. ಕಂಪನಿಯ ಏಕೈಕ ಎಲೆಕ್ಟ್ರಾನಿಕ್ಸ್ ಪದವೀಧರೆಯೂ ಮರೆತಳು. ಅವಳು ಶಾಂತಿಸ್ಥಾಪನೆಯಲ್ಲಿ ಬಿಜಿಯಾಗಿದ್ದಳು.

ಬಿಡುಗಡೆಯ ಸಮಾರಂಭ ದೊಡ್ಡ ಮಾಲೊಂದರಲ್ಲಿ. ರೂಪರ್ಟ್ ರೇಡಿಯೋ ಹಾಕಿದರು, ಹಾಡು ಬಂತು, ಚಪ್ಪಾಳೆ ಬಿತ್ತು. “ಈಗ ನಾನು ಎರಡು ಮಾತು ಆಡುತ್ತೇನೆ,” ಎಂದು ನಾಬ್ ಒತ್ತಿದರು. ವಾರ್ತೆ ಬಂತು. ಮತ್ತೆ ಒತ್ತಿದರು. ಯಾರೋ ನೂಡಲ್ಸ್ ಮಾಡುವುದನ್ನು ವಿವರಿಸತೊಡಗಿದರು. ಪ್ಲಗ್ ಕೀಳೋಣವೆಂದರೆ ಅದು ಹೊಸದಾಗಿ ಬ್ಯಾಟರಿ ಕಂಡಿದ್ದ ಮಾಡೆಲ್; ಮುಚ್ಚಳದ ಸ್ಕ್ರೂ ಬಿಚ್ಚುವ ಸಾಧನ ಉಬಿಯಲ್ಲಿತ್ತು. ಮಿಸೆಸ್ ಲಿಮ್ ಧೈರ್ಯ ಮಾಡಿ ಮುಂದೆ ಬಂದು, ರೇಡಿಯೋವನ್ನು ಮಗುವಿನಂತೆ ಎತ್ತಿಕೊಂಡು ಹೋಗಿ, ತಂಪುಪಾನೀಯದ ಐಸ್ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿ ಅದರ ಮೇಲೆ ಕೂತರು. ರೂಪರ್ಟ್ ಭಾಷಣ ಮಾಡಿದಷ್ಟು ಹೊತ್ತೂ ಮಿಸೆಸ್ ಲಿಮ್ ಅವರ ಕೆಳಗಿನಿಂದ ಸಣ್ಣ ದನಿಯಲ್ಲಿ ಶೇರು ಮಾರುಕಟ್ಟೆಯ ವರದಿ ಬರುತ್ತಿತ್ತು. ಶೇರುಗಳೂ ಅಂದು ಬೀಳತೊಡಗಿದ್ದವು.

ಆಮೇಲೆ ಫೋನುಗಳು. ಒಬ್ಬಾಕೆ ರೇಡಿಯೋವನ್ನು ಹೊದಿಕೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರಂತೆ, ಬೀರು ಹಾಡುತ್ತಿದೆ ಎಂದು ಅತ್ತೆ ಹೆದರಿದರಂತೆ. ಬೆಡೋಕ್‌ನ ಒಬ್ಬರು ಬೇಸತ್ತು ಅದನ್ನು ತಮ್ಮ ಬ್ಲಾಕಿನ ನೆಲಮಹಡಿಯ ತೆರೆದ ಜಗಲಿ, ಅಂದರೆ ವಾಯ್ಡ್ ಡೆಕ್‌ನಲ್ಲಿ ಬಿಟ್ಟುಬಂದಿದ್ದರು. ವಾಪಸು ತರಲು ಹೋದ ನನ್ನನ್ನು ಅಲ್ಲಿ ಚೆಸ್ ಆಡುತ್ತಿದ್ದ ಮುದುಕರು ಅಡ್ಡಗಟ್ಟಿದರು. “ಡೋಂಟ್ ಟೇಕ್ ಲಾ! ಗುಡ್ ರೇಡಿಯೋ, ನೆವರ್ ಸ್ಟಾಪ್!” ಟಿಬಲ್‌ಟನ್ ಮನೆತನಕ್ಕೆ ಸಿಕ್ಕ ಕೊನೆಯ ಪ್ರಶಂಸೆ ಅದು. ನಾನು ಅದನ್ನು ಒಂದಕ್ಷರವೂ ಬದಲಿಸದೆ ಇಬ್ಬರಿಗೂ ತಲುಪಿಸಿದೆ.

ಅಷ್ಟರಲ್ಲಿ ಲೋಕದ ಬ್ಯಾಂಕುಗಳೇ ಮುಗ್ಗರಿಸಿದವು. ಹಾಲು ಉಕ್ಕುವುದು ನಿಂತಿತು. ಅಲಂಕಾರಕ್ಕೆ ರೇಡಿಯೋ ಕೊಳ್ಳುವವರು ಇಲ್ಲವಾದರು. ಯಾವುದೋ ದೊಡ್ಡ ಕಂಪನಿ ಬಂದು, ‘ನಿಮ್ಮ ರೇಡಿಯೋ ಬೇಡ, ಹೆಸರು ಮಾತ್ರ ಕೊಡಿ’ ಎಂದಿತು. ಕೊಟ್ಟರು.

ಉಬಿಯ ಕಚೇರಿ ಖಾಲಿ ಮಾಡಿದ ದಿನ ಇಬ್ಬರೂ ಬಂದಿದ್ದರು. ಸಾಮಾನೆಲ್ಲ ಹೋಗಿ ಕೋಣೆ ದನಿಗೆ ದನಿ ಕೊಡುತ್ತಿತ್ತು. ಡಾಫ್ನಿ ಕಿಟಕಿಯ ಬಳಿ ಕೆಳಗಿನ ಗ್ಯಾರೇಜನ್ನು ನೋಡುತ್ತ ನಿಂತಿದ್ದರು. ಭುಜ ಸ್ವಲ್ಪ ಅಲುಗುತ್ತಿತ್ತು. ರೂಪರ್ಟ್ ಬಹಳ ಹೊತ್ತು ಟೈ ಸರಿಮಾಡಿಕೊಂಡರು. ಆಮೇಲೆ ನನ್ನನ್ನು ನೋಡದೆ, ನೇರವಾಗಿ, “ಡಾಫ್ನಿ, ಊಟ ಮಾಡಿದ್ಯಾ?” ಎಂದರು.

ಅಭ್ಯಾಸಬಲ ನೋಡಿ, ತಲುಪಿಸಲೆಂದು ನಾನು ಬಾಯಿ ತೆರೆದೆ. ಮಿಸೆಸ್ ಲಿಮ್ ನನ್ನ ತೋಳು ಚಿವುಟಿದರು. ಗುರುತು ಎಷ್ಟೋ ದಿನ ಹೋಗಲಿಲ್ಲ.

“ಇಲ್ಲ,” ಎಂದರು ಡಾಫ್ನಿ. “ನೀನು?”

“ನಾನೂ ಇಲ್ಲ. ಬೋರ್ಡಿನ ವಿಷಯ... ನಾನು ಆವತ್ತು ನಗಬಾರದಿತ್ತು.”

ಇಬ್ಬರೂ ಮೆಟ್ಟಿಲಿಳಿದು ಹಾಕರ್ ಸೆಂಟರಿನ ಊಟದ ಅಂಗಡಿಗಳ ಕಡೆ ಹೋದರು. ನಾನೂ ಮಿಸೆಸ್ ಲಿಮ್ಮೂ ಖಾಲಿ ಕೋಣೆಯಲ್ಲಿ ನೆಲದ ಮೇಲೆ ಕೂತು, ಕೆಲಸ ಹೋದದ್ದಕ್ಕೆ ಅಳಬೇಕಾದ ಹೊತ್ತಿನಲ್ಲಿ ನಗುತ್ತಿದ್ದೆವು.

ಇದಿಷ್ಟು ನೆನಪಾದ ಮೇಲೆ ಮೊನ್ನೆ ಅಂಗಡಿಯ ಹೊರಗಿನ ಬೆಂಚಿನಿಂದ ಇಂಗ್ಲೆಂಡಿಗೆ ಫೋನ್ ಮಾಡಿದೆ. ಹಳೆಯ ನಂಬರು, ಯಾರು ಎತ್ತುತ್ತಾರೋ ಎಂದಿದ್ದೆ. ಎತ್ತಿದ್ದು ಡಾಫ್ನಿ. ಈಗ ಅಣ್ಣನ ಮನೆಯಲ್ಲೇ ಇದ್ದಾರಂತೆ. ರೂಪರ್ಟ್ ಬಂದು ಫೋನನ್ನು ಸ್ಪೀಕರಿಗೆ ಹಾಕಿದರು; ದನಿಗೆ ವಯಸ್ಸಾಗಿತ್ತು. ಟೋಸ್ಟರಿನ ವಿಷಯ ಹೇಳೋಣವೆಂದುಕೊಂಡಿದ್ದೆ, ಅವರು ಬಿಡಲಿಲ್ಲ.

“ತಡೀರಿ, ಅದೇನು ಸದ್ದು?”

“ಎಂಆರ್‌ಟಿ ರೈಲು, ಸರ್. ಮೇಲಿನ ಹಳಿಯಲ್ಲಿ ಹೋಗ್ತಿದೆ.”

“ಮತ್ತೆ ಅದು?”

“ಕೋಗಿಲೆ. ಇಲ್ಲಿ ಹೊತ್ತುಗೊತ್ತಿಲ್ಲದೆ ಕೂಗುತ್ತೆ.”

“ಮಾತಾಡಬೇಡಿ. ಫೋನ್ ಮೇಲೆತ್ತಿ ಹಿಡೀರಿ,” ಎಂದರು.

ನಾನು ಎದ್ದು ನಿಂತು ಕೈಯೆತ್ತಿದೆ. ಮಾರ್ಕೆಟಿನಲ್ಲಿ ಮೀನಿನವನು ಕೂಗಿದ, ಬಾಣಲೆಗೆ ಏನೋ ಚುಂಯ್ ಎಂದು ಬಿತ್ತು, ಶಾಲೆಯ ಮಕ್ಕಳು ಜಗಳವಾಡುತ್ತ ಹೋದರು.

“ಸ್ವಲ್ಪ ಎಡಕ್ಕೆ,” ಎಂದರು ಫೋನಿನೊಳಗಿಂದ ರೂಪರ್ಟ್.

“ಬಲಕ್ಕೆ, ರೂಪರ್ಟ್. ಬಾಣಲೆ ಬಲಕ್ಕಿದೆ,” ಎಂದರು ಡಾಫ್ನಿ.

“ಎಡಕ್ಕೆ ಅಂದೆನಲ್ಲ!”

“ನಿನಗೆ ಕಿವಿ ಇದ್ದರೆ ತಾನೇ!”

ನಾನು ಎಡಕ್ಕೆ ತಿರುಗಿದೆ, ಬಲಕ್ಕೆ ತಿರುಗಿದೆ. ಕೈ ಸೋಲುವವರೆಗೂ ಬೆಡೋಕ್‌ನ ನಡುವೆ ಗರಗರ ತಿರುಗಿದೆ. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಒಬ್ಬ ಆಂಟಿ ಕನಿಕರದಿಂದ ನಿಂತು, “ನೋ ಸಿಗ್ನಲ್ ಆ?” ಎಂದು ಕೇಳಿದರು.

“ಇದೆ ಆಂಟಿ,” ಎಂದೆ ಕನ್ನಡದಲ್ಲೇ. “ಫುಲ್ ಇದೆ.”