ಬಿಸಿಲಿಗೆ ಹರಡಿದ ಬೀಜ

ಮೊಮ್ಮಗಳ ತಲೆಗೆ ಎಣ್ಣೆ ಕಾಯಿಸಬೇಕೆಂದು ಸೊಸೆ ಹೇಳಿದ್ದರಿಂದ ಹೋದ ವಾರ ಜಯನಗರ ನಾಲ್ಕನೇ ಬ್ಲಾಕಿನ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಜಟಾಮಾಂಸಿಯ ಡಬ್ಬದ ಮುಚ್ಚಳ ತೆಗೆದ. ಮಣ್ಣು, ನೆನೆದ ಕಂಬಳಿ, ಒಣಗಿದ ಬೇರು... ಆ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ನಮ್ಮ ಮೇಲಿನ ಮನೆಯ ಮೇಡಂ ಬೆಟ್ಟದಿಂದ ಬಂದಾಗಲೆಲ್ಲ ಮೆಟ್ಟಿಲ ತುಂಬ ಇದೇ ವಾಸನೆ ಇರುತ್ತಿತ್ತು.

ಉತ್ತರಹಳ್ಳಿಯಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಮನೆ ಕಟ್ಟಿಸಿ, ಮೇಲಿನದನ್ನು ನಾನು ಅವರಿಗೆ ಬಾಡಿಗೆಗೆ ಕೊಟ್ಟಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದರು, ಒಬ್ಬರೇ ಇದ್ದರು. ಪ್ರತಿ ವರ್ಷ ಹಿಮಾಲಯಕ್ಕೆ ಹೋಗಿ ಅದೇ ಇಳಿಜಾರಿನ ಗಿಡಗಳನ್ನು ನೋಡಿಕೊಂಡು ಬರುತ್ತಿದ್ದರು. ದೇವರ ದರ್ಶನಕ್ಕಲ್ಲ, ಗಿಡ ನೋಡೋದಕ್ಕೆ ಅಷ್ಟು ದೂರ ಹೋಗುತ್ತಾರಂತೆ ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿದ್ದಳು. ಹಿಮದಲ್ಲಿ ನಡೆದವರು ಇಲ್ಲಿ ಡಿಸೆಂಬರಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಹಾಲು ತರಲು ಹೋಗುತ್ತಿದ್ದರು. ನಾನು ನಕ್ಕರೆ, ಅಲ್ಲಿಯ ಚಳಿಗೆ ಒಂದು ಮರ್ಯಾದೆ ಇದೆ, ನಿಮ್ಮ ಬೆಂಗಳೂರಿನದು ಬರೀ ನೆಗಡಿ ಎನ್ನುತ್ತಿದ್ದರು.

ಒಂದು ಸಂಜೆ ಮೆಟ್ಟಿಲ ಮೇಲೆ ಕುಳಿತು ಅಲ್ಲಿ ಏನಾಗುತ್ತಿದೆ ಎಂದು ಹೇಳಿದರು. ಹಿಮ ಬೇಗ ಕರಗುತ್ತಿದೆಯಂತೆ. ಹೂವು ಅವಸರದಲ್ಲಿ ಅರಳಿ, ಹುಳ ಬರುವ ಹೊತ್ತಿಗೆ ಉದುರಿರುತ್ತದಂತೆ. ಕೆಳಗಿನ ಪೊದೆಗಳು ವರ್ಷ ವರ್ಷ ಮೇಲಕ್ಕೆ ಹತ್ತಿ ಬಂದು ಪುಟ್ಟ ಗಿಡಗಳ ಜಾಗ ಹಿಡಿಯುತ್ತಿವೆಯಂತೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಮುಖ ನೋಡುತ್ತ ಕುಳಿತಿದ್ದೆ.

“ನೋಡಿ ಅಣ್ಣ, ಕೆಳಗಡೆ ಸೆಕೆ ಅಂತ ನೀವು ನನ್ ಮನೆಗ್ ಬಂದ್ಬಿಟ್ರಿ ಅನ್ಕೊಳ್ಳಿ. ನಾನು ಟೆರೇಸಿಗೆ ಹೋಗ್ತೀನಿ. ನೀವು ಅಲ್ಲಿಗೂ ಬಂದ್ರೆ?”

“ನಮ್ಮಲ್ಲಿ ಟೆರೇಸೇ ಜಾಸ್ತಿ ಕಾಯೋದು ಮೇಡಂ.”

“ಬೆಟ್ಟದಲ್ಲಿ ಉಲ್ಟಾ, ಮೇಲೇನೇ ತಂಪು. ಆದ್ರೆ ಟೆರೇಸ್ ಆದ್ಮೇಲೆ ಎಲ್ಲಿಗ್ ಹೋಗ್ಲಿ?”

“ನೀರಿನ ಟ್ಯಾಂಕ್ ಇದ್ಯಲ್ಲ.”

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, ಆ ಗಿಡಗಳಿಗೆ ಟ್ಯಾಂಕೂ ಇಲ್ಲ ಎಂದರು.

ಆ ವರ್ಷ ಇಳಿಜಾರಿನ ತುದಿಯಲ್ಲಿ ಉಳಿದಿದ್ದ ಒಂದು ಹಿಡಿ ಜಟಾಮಾಂಸಿ ಗಿಡಗಳ ಬೀಜ ತಂದಿದ್ದರು. ಅಲ್ಲಿಯ ಹಳ್ಳಿಯ ಹೆಂಗಸರು ಸಸಿ ಮಾಡಿ, ಇನ್ನೂ ಎತ್ತರದಲ್ಲಿ ನೆಡುವುದೆಂದು ಮಾತಾಗಿತ್ತು. ಚಳಿಗಾಲಕ್ಕೆ ಆ ಹಳ್ಳಿಯೇ ಖಾಲಿಯಾಗಿ ಜನ ಕೆಳಗಿಳಿಯುತ್ತಿದ್ದರಿಂದ ಬೀಜ ನಮ್ಮ ಮೇಲಿನ ಮನೆಯ ಫ್ರಿಜ್ಜಿನಲ್ಲಿತ್ತು. ಬೇಸಿಗೆ ರಜೆಗೆ ಮೈಸೂರಿನ ತಂಗಿಯ ಮನೆಗೆ ಹೊರಟಾಗ, ಫ್ರಿಜ್ ಆನ್ ಇರಲಿ ಎಂದು ಕೀಲಿ ನನ್ನ ಕೈಗಿಟ್ಟು ಹೋದರು.

ನಾನು ಹೂಂ ಎಂದಿದ್ದೆ. ಆದರೆ ಮೇಲಿನ ಮನೆಗೆ ಬೀಗ ಬಿದ್ದರೆ ಮೀಟರ್ ಬೋರ್ಡಿನಲ್ಲಿ ಅವರ ಮೈನ್ ಸ್ವಿಚ್ ಇಳಿಸುವುದು ನನ್ನ ಹಳೆಯ ಅಭ್ಯಾಸ. ಕೈ ತಾನಾಗಿ ಹೋಯಿತು... ಬಾಗಿಲ ಕೆಳಗಿನಿಂದ ನೀರು ಮೆಟ್ಟಿಲಿಗೆ ಬಂದಾಗಲೇ ನೆನಪಾದದ್ದು. ಐಸೆಲ್ಲ ಕರಗಿ, ಬೀಜದ ಡಬ್ಬದೊಳಗಿನ ಕಾಗದದ ಪೊಟ್ಟಣಗಳು ತೊಯ್ದು ಮೆತ್ತಗಾಗಿದ್ದವು. ಆಗಲೂ ಫೋನ್ ಮಾಡಿ ಹೇಳಬಹುದಿತ್ತು. ನಾನು ಮಾಡಿದ್ದು ಬೇರೆ. ಅಪ್ಪ ರಾಗಿ ಬೀಜಕ್ಕೆ ಮಾಡುತ್ತಿದ್ದಂತೆ, ಏಪ್ರಿಲ್ ಬಿಸಿಲಿನಲ್ಲಿ ಟೆರೇಸಿನ ಮೇಲೆ ಪಂಚೆ ಹಾಸಿ ಹರಡಿದೆ. ಬೀಜಕ್ಕೆ ಬಿಸಿಲು ತೋರಿಸಿದರೆ ಒಳ್ಳೆಯದು ಎಂದೇ ತಿಳಿದು ಬೆಳೆದವನು ನಾನು. ಗರಿಗರಿಯಾಗಿ ಒಣಗಿದ ಮೇಲೆ ಅಂಥದೇ ಹೊಸ ಕಾಗದದಲ್ಲಿ ಕಟ್ಟಿ, ಫ್ರಿಜ್ ಒರೆಸಿ, ಇದ್ದಲ್ಲೇ ಇಟ್ಟೆ. ಉಳಿಸಿದೆ ಎಂದುಕೊಂಡು ಸಮಾಧಾನವೂ ಆಯಿತು.

ಆ ಬೀಜ ತೆಗೆದುಕೊಂಡು ಬೆಟ್ಟಕ್ಕೆ ಹೋದ ಅವರು ವಾಪಸು ಬಂದ ದಿನ ನನ್ನ ಹೆಂಡತಿ ಕಾಫಿ ಕೊಟ್ಟಳು. ಲೋಟ ಹಿಡಿದುಕೊಂಡೇ ಕುಳಿತಿದ್ದರು.

“ಒಂದೂ ಮೊಳೀಲಿಲ್ಲ ಅಣ್ಣ. ನಾನೇ ಎಲ್ಲೋ ತಪ್ಪು ಮಾಡ್ದೆ.”

“ಹೋಗ್ಲಿ ಬಿಡಿ ಮೇಡಂ, ಇನ್ನೊಂದ್ ಸಲ ತಂದ್ರಾಯ್ತು.”

“ಇನ್ನೊಂದ್ ಸಲಕ್ಕೆ ಅಲ್ಲಿ ಆ ಗಿಡಾನೇ ಇಲ್ಲ. ಪೂರ್ತಿ ಪೊದೆ ಮುಚ್ಕೊಂಡಿದೆ.”

ಆಗಲೂ ನಾನು ಬಾಯಿ ಬಿಡಲಿಲ್ಲ. ಮನೆ ಖಾಲಿ ಮಾಡುತ್ತಾರೆಂಬ ಭಯವಲ್ಲ. ಅವರು ನನ್ನನ್ನು ಅಣ್ಣ ಎನ್ನುವುದನ್ನು ನಿಲ್ಲಿಸಿಬಿಟ್ಟರೆ ಎಂಬ ಭಯ. ಬೀಜವನ್ನು ಹೇಗೆ ಇಡಬಾರದು ಎಂದು ಕಾಲೇಜಿನ ಮಕ್ಕಳಿಗೆ ತಮ್ಮದೇ ಉದಾಹರಣೆ ಕೊಡುತ್ತಿದ್ದರಂತೆ. ಅದನ್ನೂ ನಗುತ್ತಲೇ ನನಗೆ ಹೇಳಿದ್ದರು. ನಾನೂ ನಕ್ಕಿದ್ದೆ...

ನಿವೃತ್ತರಾಗಿ ಮೈಸೂರಿಗೆ ಹೋದ ಮೇಲೂ ಹಬ್ಬಕ್ಕೆ ಫೋನ್ ಮಾಡುತ್ತಿದ್ದರು. ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಕಳೆದ ವರ್ಷ ಅವರ ತಂಗಿಯೇ ಫೋನ್ ಮಾಡಿ, ಅಕ್ಕ ಹೋಗಿಬಿಟ್ಟರು ಎಂದರು. ಇನ್ನು ಹೇಳುವುದು ಯಾರಿಗೆ?

ಅಂಗಡಿಯಿಂದ ತಂದ ಪೊಟ್ಟಣವನ್ನು ಸೊಸೆಗೆ ಕೊಡುವ ಮುಂಚೆ ಒಂದು ತುಂಡು ಬೇರು ತೆಗೆದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟೆ. ಒಣಗಿದ ಬೇರು ಚಿಗುರುವುದಿಲ್ಲವೆಂದು ಗೊತ್ತಿಲ್ಲದವನಲ್ಲ ನಾನು. ಇದನ್ನು ಐಸ್ ಪಕ್ಕ ಯಾಕೆ ಇಟ್ಟಿದ್ದೀರಿ ಮಾವ ಎಂದು ಸೊಸೆ ಕೇಳಿದಳು.

“ಇರ್ಲಿ ಬಿಡಮ್ಮ. ಅದು ಚಳಿ ಊರಿಂದು.”

ಅವಳು ಒಳಗೆ ಹೋದ ಮೇಲೆ, ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಇನ್ನೊಮ್ಮೆ ತಳ್ಳಿ ನೋಡಿದೆ.